ಬಡ್ಡಿಯೊಡನೆ ಬೆಳೆಯುವ ಪದವಿ
ವೈದ್ಯಕೀಯ ಸೀಟು ಹಂಚಿಕೆಯ ಈ ವಾರದಲ್ಲಿ, ನೆರೆಯ ಹಿರಿಯರೊಬ್ಬರು ಮಗಳ ಪ್ರವೇಶಕ್ಕಾಗಿ ಜಮೀನಿನ ಪಹಣಿಯನ್ನು ಹಿಡಿದು ಬ್ಯಾಂಕಿಗೆ ಹೊರಟುದನ್ನು ಕಂಡಾಗ, ಕಾಲೇಜಿನ ಕೀರ್ತಿಯನ್ನು ಇಷ್ಟು ಶ್ರದ್ಧೆಯಿಂದ ವಿಚಾರಿಸುವ ನಾವು ಸಾಲದ ಆಯುಷ್ಯವನ್ನೇಕೆ ವಿಚಾರಿಸೆವೆಂಬ ವ್ಯಥೆ ನನ್ನನ್ನಾವರಿಸಿತು. ಸರಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ ಶುಲ್ಕವಿದ್ದ ಕಾಲದಲ್ಲಿ, ತುಮಕೂರಿನ ಖಾಸಗಿ ಕಾಲೇಜೊಂದು ಹೊರರಾಜ್ಯದ ವಿದ್ಯಾರ್ಥಿನಿಯಿಂದ 60,000 ರೂಪಾಯಿ ಬಯಸಿದುದನ್ನು ಕುರಿತು, 1992ರ ಮೋಹಿನಿ ಜೈನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕಠಿಣವಾಗಿ ನುಡಿಯಿತು. ಆದರೂ ಆ ಅಂತರವು ಅಳಿದಿಲ್ಲ; ಅದನ್ನು ತುಂಬಲು ಸಾಲವೇ ದಾರಿಯಾಗುವುದು. ನಾಲ್ಕೂವರೆ ವರ್ಷದ ವ್ಯಾಸಂಗ, ಒಂದು ವರ್ಷದ ಇಂಟರ್ನ್‌ಶಿಪ್, ತರುವಾಯ ಸ್ನಾತಕೋತ್ತರ ಪದವಿಯ ಹಂಬಲ, ಇವೆಲ್ಲ ಮುಗಿಯುವವರೆಗೆ, ಕಂತು ಆರಂಭವಾಗದಿದ್ದರೂ, ಬಡ್ಡಿಯು ಮಳೆಗಾಲದ ಕಳೆಯಂತೆ ಸದ್ದಿಲ್ಲದೆ ಹಬ್ಬುತ್ತಿರುವುದು. ಹೀಗೆ ಋಣಭಾರದಿಂದ ಬಾಗಿದ ತರುಣ ವೈದ್ಯನಿಗೆ ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಿಲ್ಲುವ ಮನಸ್ಸಿದ್ದರೂ, ಕಂತಿನ ದಿನಾಂಕವು ಅವನನ್ನು ನಗರದ ದೊಡ್ಡ ಆಸ್ಪತ್ರೆಗೆ ಎಳೆದೊಯ್ಯುವುದೆಂಬುದೇ ನನ್ನ ಮುಖ್ಯವಾದ ಆತಂಕ; ಏಕೆಂದರೆ ಆ ನಷ್ಟವು ಒಂದು ಕುಟುಂಬದ್ದಲ್ಲ, ಊರಿನದು. ಆದುದರಿಂದ ಬೀದರ ಅಥವಾ ರಾಯಚೂರಿನಂತಹ ದೂರದ ಸರಕಾರಿ ಕಾಲೇಜಿನಲ್ಲಿ ಸ್ಥಾನವು ದೊರೆಯುವುದಾದರೆ, ಹೆಸರುವಾಸಿಯಾದ ಖಾಸಗಿ ಕಾಲೇಜನ್ನು ತೊರೆದಾದರೂ ಅದನ್ನೇ ಸ್ವೀಕರಿಸಬೇಕೆಂದು ನಾನು ನಿಸ್ಸಂಕೋಚವಾಗಿ ಹೇಳುವೆನು. ಪದವಿಯೂ ಅದೇ, ವೈದ್ಯವೃತ್ತಿಯ ನೋಂದಣಿಯೂ ಅದೇ, ಬಡವರು ತುಂಬಿದ ವಾರ್ಡುಗಳಲ್ಲಿ ಕಲಿಯಲು ದೊರೆಯುವ ಅವಕಾಶವಾದರೋ ಅಪಾರವಾದುದು.