ವಯಸ್ಸು ಕೇಳುವವರು ಯಾರು?

ಮಲಪ್ರಭೆಯ ದಡದ ಕೊಣ್ಣೂರಿನಂಥ ಊರಿನಲ್ಲಿ ಹದಿನಾರರ ಹುಡುಗ ಕುಡಿದು ಬಿದ್ದರೆ ನಾವು ಬೈಯುವುದು ಅವನನ್ನು, ಅವನ ಹೆತ್ತವರನ್ನು. ಮಾರಿದವನನ್ನು ಯಾರೂ ಕೇಳುವುದಿಲ್ಲ.

2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಂತಿತು. ಅದರ ಜಾಗ ಹಿಡಿದದ್ದು 90 ಮಿಲಿಯ ಅಗ್ಗದ ವಿಸ್ಕಿ ಪ್ಯಾಕೆಟ್ಟು, ಅಂಗಿ ಜೇಬಿನಲ್ಲಿ ಅಡಗುವಷ್ಟು ಚಿಕ್ಕದು. 21 ತುಂಬದವರಿಗೆ ಮಾರಬಾರದೆಂಬ ನಿಯಮವೇನೋ ಇದೆ. 2023ರ ಜನವರಿಯಲ್ಲಿ ಅದನ್ನೂ 18ಕ್ಕೆ ಇಳಿಸಹೊರಟ ಸರಕಾರ ವಿರೋಧಕ್ಕೆ ಮಣಿದು ಸುಮ್ಮನಾಯಿತು. ಆದರೆ ಕಿರಾಣಿ ಅಂಗಡಿಯಲ್ಲಿ ಕದ್ದು ಮಾರುವವನು ವಯಸ್ಸು ಕೇಳುತ್ತಾನೆಯೇ? ಮದ್ಯ ನಿಷೇಧಿಸಿ ಎಂದು 2019ರಲ್ಲಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು. 2025-26ರ ಬಜೆಟ್ಟು ಅಬಕಾರಿಯಿಂದ ನಿರೀಕ್ಷಿಸಿದ್ದು 40,000 ಕೋಟಿ ರೂಪಾಯಿ!

ಕಳ್ಳಭಟ್ಟಿ ಇನ್ನೂ ಕ್ರೂರ. ಸಾರಾಯಿ ನಿಂತು ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ, ಕೃಷ್ಣಗಿರಿ ಸೀಮೆಯಲ್ಲಿ 150ಕ್ಕೂ ಹೆಚ್ಚು ಬಡವರು ಕಳ್ಳಬಟ್ಟಿ ಕುಡಿದು ಸತ್ತರು. ಮೆಥನಾಲ್ ಬೆರೆತಿದ್ದರೆ ಹಲವು ಗಂಟೆ ಬರೀ ಅಮಲೆನಿಸುತ್ತದೆ. ಆಮೇಲೆ ಕಣ್ಣು ಮಂಜಾಗುತ್ತದೆ. ಅಷ್ಟರಲ್ಲಿ ತಡವಾಗಿರುತ್ತದೆ.

ಪಂದ್ಯ ಕಟ್ಟಿ ಗಟಗಟ ಕುಡಿದ ಹುಡುಗನ ಉಸಿರೇ ನಿಲ್ಲಬಹುದು. ಅಂಗಾತ ಮಲಗಿಸಿದರೆ ವಾಂತಿ ಶ್ವಾಸನಾಳಕ್ಕೆ ಇಳಿದೀತು. ಮಗ್ಗುಲಾಗಿ ಮಲಗಿಸಬೇಕು, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಒಯ್ಯುವವರಾರು? ಕುಡಿತ ಹರಾಮ್, ನಮ್ಮ ಮೊಹಲ್ಲಾದಲ್ಲಿ ಇದೆಲ್ಲ ಇಲ್ಲ ಎನ್ನುವ ಹಿರಿಯರಿಗೆ ಹೆದರಿ ಗೆಳೆಯರು ಅವನನ್ನು ಹೊಲದಲ್ಲೇ ಬಿಟ್ಟು ಬಂದಾರು. ಹರಾಮ್ ಎಂಬುದು ನಿಜ. ಆದರೆ ಮಾನಕ್ಕೆ ಅಂಜಿ ಮಗುವನ್ನು ಸಾಯಗೊಡುವುದು ಯಾವ ಧರ್ಮ? ಬೈಗುಳ ನಾಳೆಗಿರಲಿ, ಇಂದು ರಾತ್ರಿ ಗಾಡಿ ಹೊರಡಲಿ. ಮಾರಿದವನ ಹೆಸರು ಮುಂದಿನ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಕೇಳಿಬರಲಿ.