ಅಂಗಳದ ನಕ್ಷತ್ರಗಳು

ಅಶ್ವಿನ್ಯಾದಿ 27 ನಕ್ಷತ್ರಗಳನ್ನು ತಡೆಯಿಲ್ಲದೆ ಒಪ್ಪಿಸುವ ಬಾಲಕರು ನಂದೊಳ್ಳಿಯಲ್ಲಿ ಇನ್ನೂ ಉಂಟು. ಒಂದನ್ನಾದರೂ ಬಾನಿನಲ್ಲಿ ತೋರಿಸೆಂದರೆ ಮೌನ. ದೋಷವು ಅಂಗಳದ ದೀಪವನ್ನಾರಿಸದ ಹಿರಿಯರದು. ಧನುರ್ಮಾಸದಲ್ಲಿ ಚಂದ್ರನಿಲ್ಲದ ರಾತ್ರಿ, ಒಂಬತ್ತು ಗಂಟೆಯ ಸುಮಾರಿಗೆ, ಇಬ್ಬನಿ ದಟ್ಟವಾಗುವ ಮೊದಲೇ ಕಂಬಳಿ ಹೊದ್ದು ಹೊರಗೆ ಬನ್ನಿರಿ. ಕಾಲು ಗಂಟೆಯಲ್ಲಿ ಕಣ್ಣು ಕತ್ತಲೆಗೆ ಪಳಗುವುದು. ನೆತ್ತಿಯ ಬಳಿ ಕೃತ್ತಿಕೆ: ಬರಿಗಣ್ಣಿಗೆ ಆರು ತಾರೆಗಳು, ಷಣ್ಮುಖನಿಗೆ ಹಾಲೂಡಿದ ತಾಯಂದಿರ ಲೆಕ್ಕಕ್ಕೆ ಸರಿಯಾಗಿ. ಏಳು ಪಟ್ಟು ಹಿಗ್ಗಿಸುವ, 50 ಮಿಲಿಮೀಟರ್ ಗಾಜಿನ ಜೋಡಿ ದುರ್ಬೀನಿನಲ್ಲಿ ಅವು ಹತ್ತಾರಾಗುತ್ತವೆ. ಕೈ ನಡುಗಿದರೆ ಚಾಪೆಯ ಮೇಲೆ ಮಲಗಿ ನೋಡುವುದು ಲೇಸು. ಶೀತವಾದೀತೆಂದು ಅಜ್ಜಿ ಗದರಿಯಾಳು. ಪೂರ್ವದ ಕೆಂಪು ತಾರೆ ಆರ್ದ್ರೆ. 2020ರ ಫೆಬ್ರವರಿಯಲ್ಲಿ ಅದು ರೋಹಿಣಿಗಿಂತಲೂ ಮಂಕಾಗಿತ್ತು. ತಾನೇ ಉಗುಳಿದ ಧೂಳು ಮರೆಮಾಡಿತೆಂಬುದು ಶಾಸ್ತ್ರಜ್ಞರ ನಿರ್ಣಯ. ಈಗ ಬೆಳಕು ಮರಳಿದೆ. ರೋಹಿಣಿಯೊಡನೆ ಹೋಲಿಸಿ ನೋಡಿರಿ.