ತಡವಾಗಿ ತಲಪಿದ ಮಾತು

ಕಾಲವನ್ನು ಹಿಂದಕ್ಕೆ ದಾಟುವ ಕತೆಯೆಂದೊಡನೆ ಓದುಗನ ಮನಸ್ಸು ಯಂತ್ರವೊಂದನ್ನು ನಿರೀಕ್ಷಿಸುತ್ತದೆ. 1895ರಲ್ಲಿ ಎಚ್. ಜಿ. ವೆಲ್ಸನ ‘ಟೈಮ್ ಮೆಷೀನ್’ ಬಂದಂದಿನಿಂದ ಬೆಳೆದ ಅಭ್ಯಾಸವದು. ಅಮೆರಿಕದ ಟೆಡ್ ಚಿಯಾಂಗ್ 2007ರಲ್ಲಿ ಪ್ರಕಟಿಸಿದ ‘ದಿ ಮರ್ಚೆಂಟ್ ಅಂಡ್ ದಿ ಆಲ್ಕೆಮಿಸ್ಟ್ಸ್ ಗೇಟ್’ ಎಂಬ ನೀಳ್ಗತೆಯಲ್ಲಿ ಯಂತ್ರದ ಸದ್ದಿಲ್ಲ. ರಸವಾದಿಯೊಬ್ಬನು ನಿರ್ಮಿಸಿದ ದ್ವಾರವಿದೆ. ಅದನ್ನು ಹೊಕ್ಕವನು ಇಪ್ಪತ್ತು ವರ್ಷಗಳಾಚೆಗೆ ಕಾಲಿಡುತ್ತಾನೆ. ಕತೆಯೊಳಗೆ ಕತೆಯನ್ನು ಹೆಣೆಯುವ ಅದರ ರೀತಿ, ಪಂಚತಂತ್ರವನ್ನು ಬಲ್ಲ ಕನ್ನಡ ಓದುಗನಿಗೆ ಅಪರಿಚಿತವೇನಲ್ಲ.

ಬಾಗ್ದಾದಿನ ಜವಳಿ ವರ್ತಕ ಫುವಾದನದು ಸಾಮಾನ್ಯ ಸಂಸಾರಿಯೊಬ್ಬನ ದುಃಖ. ಗುಲಾಮರ ವ್ಯಾಪಾರದಲ್ಲಿ ಹಣ ಹೂಡುವ ವಿಚಾರವಾಗಿ ಹೆಂಡತಿ ನಜ್ಯಾಳೊಡನೆ ಮನಸ್ತಾಪವಾಗಿ, ಬಿರುನುಡಿಯಾಡಿ ಊರು ಬಿಟ್ಟಿದ್ದನು. ಹಿಂದಿರುಗುವಷ್ಟರಲ್ಲಿ ಮಸೀದಿಯ ಗೋಡೆ ಕುಸಿದು ಆಕೆ ತೀರಿಕೊಂಡಿದ್ದಳು. ಬಾಗ್ದಾದಿನ ದ್ವಾರ ಹೊಸದು. ಅದು ಹುಟ್ಟುವುದಕ್ಕೆ ಹಿಂದಿನ ಕಾಲಕ್ಕೆ ಅದರ ಮೂಲಕ ಹೋಗುವಂತಿಲ್ಲ. ಆದ್ದರಿಂದ ಫುವಾದನು ಹಳೆಯ ದ್ವಾರವಿರುವ ಕೈರೋಗೆ ಪಯಣಿಸಿ, ಅಲ್ಲಿ ಇಪ್ಪತ್ತು ವರ್ಷ ಹಿಂದಕ್ಕೆ ದಾಟಿ, ಮರುಭೂಮಿಯಲ್ಲಿ ಮತ್ತೆ ಬಾಗ್ದಾದಿನತ್ತ ಧಾವಿಸುತ್ತಾನೆ. ದಾರಿಯುದ್ದಕ್ಕೂ ವಿಘ್ನಗಳು. ಅವನು ತಲಪುವಾಗ ಗೋಡೆ ಬಿದ್ದಾಗಿದೆ.

ಇಲ್ಲಿ ಓದುಗನಿಗೆ ಸಿಟ್ಟು ಬರುವುದು ಸಹಜ. ಇಷ್ಟು ದೂರ ಕರೆತಂದು ಬರಿಗೈಯಲ್ಲಿ ನಿಲ್ಲಿಸುವುದೆ? ಭಾಗವತದ ರೈವತ ರಾಜನು ಮಗಳಿಗೆ ವರನನ್ನು ಕೇಳಲು ಬ್ರಹ್ಮಲೋಕಕ್ಕೆ ಹೋಗಿ ಬರುವಷ್ಟರಲ್ಲಿ ಭೂಮಿಯ ಮೇಲೆ ಯುಗಗಳೇ ಉರುಳಿದ್ದವು. ಹಿಂದಿರುಗುವ ದಾರಿಯನ್ನು ಪುರಾಣ ತೆರೆಯಲಿಲ್ಲ, ಆಸೆಯನ್ನೂ ಹುಟ್ಟಿಸಲಿಲ್ಲ. ಈ ಕತೆ ದಾರಿಯನ್ನೂ ತೆರೆದು ಆಸೆಯನ್ನೂ ಹುಟ್ಟಿಸಿ, ಕೊನೆಯಲ್ಲಿ ಕೈಬಿಟ್ಟಿತಲ್ಲವೆ?

ಆದರೆ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಆಸ್ಪತ್ರೆಯಲ್ಲಿ ನಜ್ಯಾಳ ಶುಶ್ರೂಷೆ ಮಾಡಿದ ತರುಣಿಯೊಬ್ಬಳು ಅವನನ್ನು ಕಂಡು, ಸಾಯುವ ಮುನ್ನ ಆಕೆ ಗಂಡನಿಗೆಂದು ಹೇಳಿದ ಮಾತನ್ನು ಒಪ್ಪಿಸುತ್ತಾಳೆ. ಅದರಲ್ಲಿ ದೂರಿಲ್ಲ, ಅವನೊಡನೆ ಬಾಳಿದ ದಿನಗಳ ತೃಪ್ತಿಯಷ್ಟೆ ಇದೆ. ಸಾವು ತಪ್ಪಲಿಲ್ಲ, ಆಡಿದ ಬಿರುನುಡಿಯೂ ಅಳಿಯಲಿಲ್ಲ. ಆದರೆ ಇಪ್ಪತ್ತು ವರ್ಷ ಎದೆಯಲ್ಲಿ ಹೊತ್ತಿದ್ದ ಕಲ್ಲು ಕರಗಿತು.

ಸಿಟ್ಟಾಗಿದ್ದ ಓದುಗ ಇಲ್ಲಿ ಮೌನಿಯಾಗುತ್ತಾನೆ. ಫುವಾದನಿಗೆ ಬೇಕಾಗಿದ್ದುದು ಬೇರೊಂದು ಭೂತಕಾಲವಲ್ಲ. ನಡೆದುದರಲ್ಲಿ ತಾನರಿಯದೆ ಉಳಿದಿದ್ದ ಭಾಗ. ಪಶ್ಚಾತ್ತಾಪಕ್ಕೆ ಕಾಲವನ್ನು ತಿದ್ದುವ ಶಕ್ತಿಯಿಲ್ಲ. ಕ್ಷಮೆಯನ್ನು ಪಡೆಯುವ ಯೋಗ್ಯತೆ ಮಾತ್ರ ಉಂಟು.

ಮುನಿದು ಮನೆಯಿಂದ ಹೊರಟ ದಿನ ಯಾರ ಬಾಳಿನಲ್ಲಿಲ್ಲ? ನಮಗೆ ಕೈರೋದ ದ್ವಾರವಿಲ್ಲ. ಆದರೆ ಆಡಬೇಕಾದ ಒಳ್ಳೆಯ ಮಾತಿಗೆ ಕಿವಿಗೊಡುವವರು ಮನೆಯಲ್ಲಿ ಇನ್ನೂ ಇದ್ದರೆ, ಅದನ್ನು ಇಂದೇ ಆಡಲು ಯಾವ ದ್ವಾರವೂ ಬೇಕಿಲ್ಲ.